ಪಂಪ್ ರೂಮಿನೊಳಗೂ ಒಮ್ಮೆ ಬನ್ನಿ: ಮಲೆನಾಡಿನ ಹೋಂಸ್ಟೇ ಮಾಲೀಕರಿಗೆ ಮತ್ತು ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಪಿಡಿಒಗಳಿಗೆ, ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಹೋಂಸ್ಟೇ ಮತ್ತು ರೆಸಾರ್ಟ್ ಮಾಲೀಕರಿಗೆ,

ನಮಸ್ಕಾರ.

ನಾನು ಪಂಪು, ಮೋಟಾರು ರಿಪೇರಿ ಮಾಡುವವನು. ಮೊದಲೆಲ್ಲ ತೋಟದ ಪಂಪುಗಳೇ ಬರುತ್ತಿದ್ದವು. ಈಚೆಗೆ ಈಜುಕೊಳದ ಕೆಲಸವೂ ಬರುತ್ತಿದೆ. ಅಡಿಕೆ ತೋಟದ ಮಗ್ಗುಲಲ್ಲಿ, ಕಾಡಿನ ಅಂಚಿನಲ್ಲಿ, ಹಳ್ಳದ ಮೇಲಿನ ದಿಬ್ಬದಲ್ಲಿ ಎಲ್ಲಿ ನೋಡಿದರೂ ಒಂದು ನೀಲಿ ಕೊಳ ಎದ್ದಿದೆ. ಬೆಂಗಳೂರಿನಿಂದ ಬರುವವರು ಮೊದಲು ಕೇಳುವುದೇ ಅದನ್ನು. ಊರಿಗೆ ನಾಲ್ಕು ಕಾಸು ಬರುತ್ತಿದೆ, ಹುಡುಗರಿಗೆ ಊರಲ್ಲೇ ಕೆಲಸ ಸಿಗುತ್ತಿದೆ. ಅದರ ಬಗ್ಗೆ ನನಗೆ ಖುಷಿಯೇ ಇದೆ.

ಆದರೆ ಪ್ರತಿ ಕೊಳದ ಹಿಂದೆಯೂ ಒಂದು ಪಂಪ್ ರೂಮ್ ಇರುತ್ತದೆ. ಅದನ್ನು ಅತಿಥಿಗಳು ನೋಡುವುದಿಲ್ಲ. ಎಷ್ಟೋ ಕಡೆ ಮಾಲೀಕರೂ ನೋಡುವುದಿಲ್ಲ. ತಪಾಸಣೆಗೆ ಬರುವವರು ರೂಮು, ಬಾತ್‌ರೂಮು, ಅಡುಗೆಮನೆ, ರಿಜಿಸ್ಟರ್ ನೋಡಿ ಚಹಾ ಕುಡಿದು ಹೋಗುತ್ತಾರೆ. ಆ ರೂಮಿನೊಳಗೆ ಹೋಗುವುದು ಒಬ್ಬನೇ ಒಬ್ಬ. ತೋಟಕ್ಕೆ ನೀರು ಬಿಡುವ, ಗಾಡಿ ತೊಳೆಯುವ, ರಾತ್ರಿ ಕ್ಯಾಂಪ್‌ಫೈರ್‌ಗೆ ಸೌದೆ ಹಾಕುವ ಹುಡುಗನೇ ಕೊಳವನ್ನೂ ನೋಡಿಕೊಳ್ಳುತ್ತಾನೆ. ಫಿಲ್ಟರ್ ಕೆಟ್ಟರೆ ಸ್ಪ್ಯಾನರ್ ಹಿಡಿದು ಅದರ ಮುಂದೆ ಕೂರುವವನೂ ಅವನೇ. ಅವನ ಜೀವದ ಬಗ್ಗೆ ಈ ಪತ್ರ.

ಫಿಲ್ಟರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಬಹುತೇಕ ಎಲ್ಲ ಕೊಳಗಳಲ್ಲೂ ಇರುವುದು ಸ್ಯಾಂಡ್ ಫಿಲ್ಟರ್. ಫೈಬರ್‌ನ ಒಂದು ದುಂಡು ಟ್ಯಾಂಕು, ಒಳಗೆ ನುಣುಪಾದ ಸಿಲಿಕಾ ಮರಳು. ಪಂಪು ಕೊಳದ ನೀರನ್ನು ಎಳೆದು ಮೇಲಿನಿಂದ ಮರಳಿನ ಮೇಲೆ ಬಿಡುತ್ತದೆ. ಕೊಳೆ ಮರಳಲ್ಲಿ ನಿಲ್ಲುತ್ತದೆ, ತಿಳಿ ನೀರು ಅಡಿಯಲ್ಲಿರುವ ಸೀಳು ಕೊಳವೆಗಳಿಂದ ಹೊರಬಂದು ಮತ್ತೆ ಕೊಳಕ್ಕೆ ಹೋಗುತ್ತದೆ. ಆ ಕೊಳವೆಗಳಿಗೆ ಲ್ಯಾಟರಲ್ ಅನ್ನುತ್ತೇವೆ. ಟ್ಯಾಂಕಿನ ತಲೆಯ ಮೇಲೋ ಪಕ್ಕದಲ್ಲೋ ಹಿಡಿಕೆ ತಿರುಗಿಸಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್, ಒಂದು ಪ್ರೆಷರ್ ಗೇಜ್, ಗಾಳಿ ಬಿಡುವ ಒಂದು ಸಣ್ಣ ತಿರುಪು. ಇಷ್ಟೇ. ನೋಡಲು ನೀರಿನ ಡ್ರಮ್ಮಿನ ಹಾಗೆ ಸಾಧುವಾಗಿ ಕಾಣುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಒತ್ತಡದ ಲೆಕ್ಕ ನೋಡಿ. ಶುದ್ಧ ಮರಳಿದ್ದಾಗ ಗೇಜ್ ಸುಮಾರು ಮುಕ್ಕಾಲು ಕೆಜಿಯಿಂದ ಒಂದು ಕೆಜಿ ತೋರಿಸುತ್ತದೆ. ಒಂದು ಕೆಜಿ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆಜಿ ತಳ್ಳು. 20 ಸೆಂಟಿಮೀಟರ್ ಅಗಲದ ಮುಚ್ಚಳದ ವಿಸ್ತಾರ 314 ಚದರ ಸೆಂಟಿಮೀಟರ್. ಅಂದರೆ ಆ ಮುಚ್ಚಳವನ್ನು ಒಳಗಿನಿಂದ 314 ಕೆಜಿ ಬಲ ಮೇಲಕ್ಕೆ ಒತ್ತುತ್ತಿರುತ್ತದೆ. ಮುಚ್ಚಳ 40 ಸೆಂಟಿಮೀಟರ್ ಇದ್ದರೆ ಅದು 1,250 ಕೆಜಿ ದಾಟುತ್ತದೆ. ಅದನ್ನು ಹಿಡಿದಿಟ್ಟಿರುವುದು ಒಂದು ಕ್ಲ್ಯಾಂಪು, ಕೆಲವು ಬೋಲ್ಟು. ಆಗುಂಬೆ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಥಂಡಿಯಲ್ಲಿ, ಅದೇ ರೂಮಿನಲ್ಲಿಟ್ಟ ಆಸಿಡ್ ಕ್ಯಾನಿನ ಹೊಗೆಯಲ್ಲಿ, ಆ ಬೋಲ್ಟಿನ ಗತಿ ಏನಾಗಿರುತ್ತದೆ ಅಂತ ನೀವೇ ಯೋಚಿಸಿ. ಮೇಲೆ ಬಣ್ಣ ಬಳಿದಿರುತ್ತದೆ, ಒಳಗೆ ತುಕ್ಕು ತಿಂದು ಅರ್ಧ ದಪ್ಪ ಉಳಿದಿರುತ್ತದೆ.

ನೀರು ಮಾತ್ರ ತುಂಬಿದ್ದರೆ ಅಪಾಯ ಕಡಿಮೆ. ನೀರನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ. ಟ್ಯಾಂಕು ಬಿರುಕು ಬಿಟ್ಟ ಕೂಡಲೇ ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ನಿಜವಾದ ಅಪಾಯ ಒಳಗೆ ಸೇರಿಕೊಳ್ಳುವ ಗಾಳಿಯಿಂದ. ಕೊಳದ ನೀರು, ಮೇಲ್ಮೈ ನೀರನ್ನು ಎಳೆಯುವ ಸ್ಕಿಮ್ಮರ್ ಬಾಯಿಗಿಂತ ಕೆಳಗಿಳಿದರೆ, ಪಂಪಿನ ಜಾಲರಿ ಡಬ್ಬಿಯ ವಾಷರ್ ಹರಿದಿದ್ದರೆ, ಫಿಲ್ಟರ್ ತೆಗೆದು ಮತ್ತೆ ಜೋಡಿಸಿದ್ದರೆ ಗಾಳಿ ಒಳಗೆ ಹೋಗಿ ಟ್ಯಾಂಕಿನ ತಲೆಯಲ್ಲಿ ನಿಲ್ಲುತ್ತದೆ. ಪಂಪು ಅದನ್ನು ಅದುಮುತ್ತಲೇ ಇರುತ್ತದೆ. ಕ್ಲ್ಯಾಂಪು ಬಿಟ್ಟ ಕ್ಷಣ ಆ ಗಾಳಿ ಹಿಗ್ಗಿ ಮುಚ್ಚಳವನ್ನು ಗುಂಡಿನ ಹಾಗೆ ಎಸೆಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಪೈಪು ಸಿಡಿದದ್ದನ್ನು ನೀವೆಲ್ಲ ನೋಡಿದ್ದೀರಿ. ಅದು ಬೆರಳಗಾತ್ರದ ಪೈಪು. ಇದು ಆಳೆತ್ತರಕ್ಕೆ ಹತ್ತಿರದ ಟ್ಯಾಂಕು.

ನಮ್ಮ ಸೀಮೆಯ ಒಂದು ರೆಸಾರ್ಟ್‌ನಲ್ಲಿ ಇದನ್ನು ಕಣ್ಣಾರೆ ಕಂಡೆ. ನಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಹುಡುಗ ಪಂಪು ಓಡುತ್ತಿರುವಾಗಲೇ ಕ್ಲ್ಯಾಂಪಿನ ನಟ್ಟು ಬಿಗಿ ಮಾಡಲು ಹೊರಟಿದ್ದ. ನೀರು ಜಿನುಗುತ್ತಿತ್ತಂತೆ, ಬಿಗಿ ಮಾಡಿದರೆ ನಿಲ್ಲುತ್ತದೆ ಅಂತ ಯಾರೋ ಹೇಳಿದ್ದರಂತೆ. ಮುಚ್ಚಳ ಹಾರಿ ಮೇಲಿನ ಶೀಟನ್ನು ಸೀಳಿಕೊಂಡು ಹೋಯಿತು. ಅವನು ಕೆಳಗೆ ಬಿದ್ದ ಸ್ಪ್ಯಾನರ್ ಎತ್ತಿಕೊಳ್ಳಲು ಬಗ್ಗಿದ್ದ, ಅದಕ್ಕೇ ಉಳಿದ. ಕೊಳದಲ್ಲಿ ಮಕ್ಕಳು ಆಡುತ್ತಿದ್ದರು. ಮಾಲೀಕರು ಓಡಿ ಬಂದು ಮೊದಲು ಕೇಳಿದ್ದು, "ಸಂಜೆಯೊಳಗೆ ಸರಿ ಆಗುತ್ತಾ?" ಅಂತ. ಅವರು ಕೆಟ್ಟ ಮನುಷ್ಯ ಅಲ್ಲ. ಏನಾಗಬಹುದಿತ್ತು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ಮಾಲೀಕರೇ, ಫಿಲ್ಟರ್ ಕೆಡುವುದು ಒಂದೇ ದಿನದಲ್ಲಿ ಅಲ್ಲ. ಮೊದಲೇ ಸೂಚನೆ ಕೊಡುತ್ತದೆ. ಟ್ಯಾಂಕಿನ ಹೊಟ್ಟೆಯ ಮೇಲೆ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ಬಿಸಿಲಲ್ಲಿ ಬಿಟ್ಟ ಫೈಬರ್ ಟ್ಯಾಂಕು ಬೇಗ ಹೀಗಾಗುತ್ತದೆ. ವಾಲ್ವ್ ಕೂರುವ ಕತ್ತಿನಲ್ಲಿ ಹನಿ ಹನಿ ಜಿನುಗುತ್ತದೆ. ಕೊಳದ ತಳದಲ್ಲಿ ನೀರು ಬರುವ ಬಾಯಿಯ ಮುಂದೆ ಮರಳು ಕೂತರೆ ಒಳಗೆ ಲ್ಯಾಟರಲ್ ಮುರಿದಿದೆ ಅಂತ ಅರ್ಥ. ಗೇಜ್ ಮುಳ್ಳು ಪಂಪು ನಿಂತ ಮೇಲೂ ಮೇಲೇ ನಿಂತಿದ್ದರೆ ಒಳಗೆ ಒತ್ತಡ ಉಳಿದಿರಬಹುದು, ಇಲ್ಲವೇ ಗೇಜ್ ಸತ್ತಿರಬಹುದು. ಪಂಪು ಓಡುವಾಗಲೂ ಸೊನ್ನೆಯಲ್ಲೇ ಇದ್ದರೂ ಗೇಜ್ ಸತ್ತಿರಬಹುದು. ಗೇಜ್ ಇಲ್ಲದ ಫಿಲ್ಟರ್ ಓಡಿಸಬೇಡಿ. ಅದಕ್ಕೆ ಆಗುವ ಖರ್ಚು ನಿಮ್ಮ ಒಂದು ರೂಮಿನ ಒಂದು ರಾತ್ರಿ ಬಾಡಿಗೆಯಷ್ಟೂ ಇರುವುದಿಲ್ಲ.

ಟ್ಯಾಂಕು ಸೀಳಿದ್ದರೆ ಅದಕ್ಕೆ ಎಂ-ಸೀಲ್, ಫೈಬರ್ ಬಟ್ಟೆ, ರಾಳ ಯಾವುದನ್ನೂ ಹಚ್ಚಬೇಡಿ. "ಅಣ್ಣಾ, ಈ ಶನಿವಾರ ಭಾನುವಾರ ಒಂದು ಕಳೀಲಿ, ಏನಾದ್ರೂ ಹಚ್ಚಿ ಹೋಗಿ" ಅನ್ನುವ ಫೋನು ನನಗೆ ಜಾಸ್ತಿ ಬರುವುದು ಶುಕ್ರವಾರ ಸಂಜೆ. ಹಚ್ಚಿದ್ದು ಜಿನುಗುವುದನ್ನು ನಿಲ್ಲಿಸಬಹುದು. ಆದರೆ ಗೋಡೆಯ ಬಲ ವಾಪಸ್ ಬರುವುದಿಲ್ಲ. ಜಿನುಗು ನಿಂತಿದ್ದರಿಂದ ಟ್ಯಾಂಕು ಗಟ್ಟಿಯಾಗಿದೆ ಅಂತ ಎಲ್ಲರೂ ನಂಬಿ ಹತ್ತಿರ ಹೋಗುತ್ತಾರೆ. ಸೀಳಿದ ಟ್ಯಾಂಕಿಗೆ ಇರುವುದು ಒಂದೇ ಔಷಧಿ, ಹೊಸ ಟ್ಯಾಂಕು. ಮುಚ್ಚಳ, ಕ್ಲ್ಯಾಂಪು, ಓ-ರಿಂಗ್ ಬದಲಿಸುವುದಾದರೂ ಅದೇ ಕಂಪನಿಯ, ಅದೇ ಮಾದರಿಯ ಸಾಮಾನು ತನ್ನಿ. ಹಾರ್ಡ್‌ವೇರ್ ಅಂಗಡಿಯ ಯಾವುದೋ ಬೋಲ್ಟು ಹಾಕಬೇಡಿ.

ಈಗ ಕೆಲಸ ಮಾಡುವ ಹುಡುಗನಿಗೆ ನೇರವಾಗಿ ಹೇಳುವುದನ್ನು ಹೇಳುತ್ತೇನೆ. ಮಾಲೀಕರು ಇದನ್ನು ಅವನಿಗೆ ಓದಿ ಹೇಳಿ. ಪುಟ ತೆಗೆದು ಗೋಡೆಗೆ ಅಂಟಿಸಿದರೆ ಇನ್ನೂ ಒಳ್ಳೆಯದು.

ತಮ್ಮಾ, ಮೊದಲು ಕರೆಂಟು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕರೆಂಟು ಇಲ್ಲದಾಗ ಪಂಪು ನಿಂತಿದೆ ಅಂತ ನೀನು ಫಿಲ್ಟರ್ ಬಿಚ್ಚಲು ಕೂತರೆ, ಅಷ್ಟರಲ್ಲಿ ಯಾವುದೋ ಊರಲ್ಲಿ ಲೈನ್‌ಮನ್ ಕೆಲಸ ಮುಗಿಸಿ ಲೈನ್ ಚಾರ್ಜ್ ಮಾಡಿರುತ್ತಾರೆ. ಆಟೋ ಸ್ಟಾರ್ಟರ್, ಟೈಮರ್ ಇರುವ ಕಡೆ ಪಂಪು ತಾನಾಗಿಯೇ ಎದ್ದು ಓಡುತ್ತದೆ. ನಿನ್ನ ಕೈ ಆಗ ಮುಚ್ಚಳದ ಮೇಲಿರುತ್ತದೆ. ಹಾಗಾಗಿ ಸ್ವಿಚ್ ಆಫ್ ಮಾಡಿದರೆ ಸಾಲದು. ಎಂಸಿಬಿ ಇಳಿಸು, ಫ್ಯೂಸ್ ಕಿತ್ತು ನಿನ್ನ ಜೇಬಿನಲ್ಲಿ ಇಟ್ಟುಕೋ. ಬೋರ್ಡಿನ ಮೇಲೆ "ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ" ಅಂತ ಚೀಟಿ ಹಚ್ಚು. ಕ್ಲೋರಿನ್ ಹಾಕುವ ಸಣ್ಣ ಡೋಸಿಂಗ್ ಪಂಪಿದ್ದರೆ ಅದನ್ನೂ ನಿಲ್ಲಿಸು. ನೆಲದ ಮೇಲೆ ನೀರು ನಿಂತಿದ್ದರೆ ಬೋರ್ಡು ಮುಟ್ಟಲು ಹೋಗಬೇಡ, ಹೊರಗಿನ ಮೇನ್‌ನಲ್ಲೇ ತೆಗೆಸು.

ಎರಡನೆಯದು ಗಾಳಿ. ಯಾವ ನಟ್ಟನ್ನೂ ಮುಟ್ಟುವ ಮೊದಲು ಮೇಲಿರುವ ಗಾಳಿ ತಿರುಪನ್ನು ನಿಧಾನವಾಗಿ ಸಡಿಲ ಮಾಡು. ಮುಖ ಪಕ್ಕಕ್ಕಿರಲಿ, ಟ್ಯಾಂಕಿನ ಮೇಲೆ ಬಗ್ಗಬೇಡ. ಸುಯ್ಯೆಂದು ಗಾಳಿ ಬರುತ್ತದೆ. ಆ ಸದ್ದು ಪೂರ್ತಿ ನಿಲ್ಲಬೇಕು, ಗೇಜೂ ಸೊನ್ನೆಗೆ ಬರಬೇಕು. ಎರಡೂ ಆಗಬೇಕು. ಗೇಜ್ ಮೊದಲೇ ಸೊನ್ನೆಯಲ್ಲಿದ್ದರೂ ತಿರುಪು ಬಿಡದೆ ಮುಂದೆ ಹೋಗಬೇಡ, ಯಾಕಂದರೆ ಸತ್ತ ಗೇಜೂ ಸೊನ್ನೆಯನ್ನೇ ತೋರಿಸುತ್ತದೆ. ತಿರುಪು ತುಕ್ಕು ಹಿಡಿದು ತಿರುಗದಿದ್ದರೆ ಅಲ್ಲಿಗೇ ಬಿಟ್ಟು ಗೊತ್ತಿರುವವರನ್ನು ಕರೆಸು. ಸುತ್ತಿಗೆಯಲ್ಲಿ ಹೊಡೆಯಬೇಡ.

ಗಾಳಿ ಹೋದ ಮೇಲೆ, ತಿರುಪು ತೆರೆದೇ ಇರಲಿ, ಕೊಳದಿಂದ ಬರುವ ಮತ್ತು ಕೊಳಕ್ಕೆ ಹೋಗುವ ವಾಲ್ವ್‌ಗಳನ್ನು ಮುಚ್ಚು. ನಮ್ಮ ಕಡೆ ಗುಡ್ಡದ ಇಳಿಜಾರಲ್ಲಿ ಪಂಪ್ ರೂಮು ಕೊಳಕ್ಕಿಂತ ಕೆಳಗೇ ಇರುತ್ತದೆ. ಮುಚ್ಚದೆ ಬಿಚ್ಚಿದರೆ ಕೊಳದ ನೀರೆಲ್ಲ ನಿನ್ನ ಮೇಲೇ ಬರುತ್ತದೆ. ಟ್ಯಾಂಕಿನ ಅಡಿಯ ಡ್ರೈನ್ ಬಿರಡೆ ತೆಗೆದು ನೀರು ಇಳಿಸು. ಆಮೇಲೆ ಕ್ಲ್ಯಾಂಪಿಗೆ ಕೈ ಹಾಕು.

ಪಂಪು ಓಡುತ್ತಿರುವಾಗ ಟ್ಯಾಂಕು ಸೀಳಿ ನೀರು ಚಿಮ್ಮುತ್ತಿರುವುದು ಕಂಡರೆ ರೂಮಿನೊಳಗೆ ಹೋಗಲೇಬೇಡ. ಹೊರಗಿನ ಮೇನ್ ತೆಗೆ, ಕೊಳದಲ್ಲಿರುವವರನ್ನು ಮೇಲೆ ಕರೆ, ದೂರ ನಿಲ್ಲು. ಟ್ಯಾಂಕು ಹೋದರೆ ಹೋಗಲಿ.

ಮತ್ತೆ ಶುರು ಮಾಡುವಾಗಲೂ ಇಷ್ಟೇ ಎಚ್ಚರ ಬೇಕು. ನನಗೆ ಗೊತ್ತಿರುವ ಹಾಗೆ ಜನ ಬಿಚ್ಚುವಾಗ ಹೆದರುತ್ತಾರೆ, ಜೋಡಿಸಿ ಆದ ಮೇಲೆ ಮೈಮರೆಯುತ್ತಾರೆ. ಆದರೆ ಟ್ಯಾಂಕಿನಲ್ಲಿ ಅತಿ ಹೆಚ್ಚು ಗಾಳಿ ಇರುವುದು ಆಗಲೇ. ಮುಚ್ಚಿದ ಎಲ್ಲ ವಾಲ್ವ್ ತೆರೆದಿದೆಯಾ ಅಂತ ನೋಡು. ನೀರು ಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಒಂದೇ ಸಲ ಏರುತ್ತದೆ. ಗಾಳಿ ತಿರುಪು ತೆರೆದೇ ಇರಲಿ. ಎಲ್ಲರೂ ಟ್ಯಾಂಕಿನಿಂದ ಹತ್ತು ಅಡಿಯಾದರೂ ದೂರ ಹೋಗಲಿ, ಆಮೇಲೆ ಪಂಪು ಹಾಕು. ತಿರುಪಿನಿಂದ ಬುಸುಬುಸು ಗಾಳಿ ಹೋಗಿ ನೀರಿನ ಧಾರೆ ಒಂದೇ ಸಮ ಬಂದ ಮೇಲೆ ಹೋಗಿ ಬಿಗಿ ಮಾಡು. ಗೇಜ್ ಏರುತ್ತಲೇ ಹೋದರೆ ಹತ್ತಿರ ಬರದೆ ಕರೆಂಟು ತೆಗೆ. ಟ್ಯಾಂಕಿನ ಮೇಲೆ ಗರಿಷ್ಠ ಒತ್ತಡ ಎಷ್ಟು ಅಂತ ಬರೆದಿರುತ್ತದೆ. ಕೆಲವದರಲ್ಲಿ ಎರಡೂವರೆ ಕೆಜಿ, ಕೆಲವದರಲ್ಲಿ ಮೂರೂವರೆ. ಅದನ್ನು ಗೇಜಿನ ಮೇಲೆ ಕೆಂಪು ಪೆನ್ನಲ್ಲಿ ಗೆರೆ ಎಳೆದು ಗುರುತು ಮಾಡಿಕೋ. ಶುದ್ಧ ಮರಳಿದ್ದಾಗಿನ ಒತ್ತಡಕ್ಕೆ ಹಸಿರು ಗೆರೆ ಎಳೆ. ಹಸಿರು ಗೆರೆಗಿಂತ ಅರ್ಧ ಕೆಜಿ, ಮುಕ್ಕಾಲು ಕೆಜಿ ಮೇಲೆ ಹೋದರೆ ಬ್ಯಾಕ್‌ವಾಶ್ ಮಾಡುವ, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳಿನ ಕೊಳೆ ತೊಳೆಯುವ ಹೊತ್ತು.

ಮಲ್ಟಿಪೋರ್ಟ್ ಹಿಡಿಕೆಯನ್ನು ಪಂಪು ಓಡುವಾಗ ತಿರುಗಿಸಬೇಡ. ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ, ಒತ್ತಡ ಎಲ್ಲೆಲ್ಲೋ ನುಗ್ಗುತ್ತದೆ. ನಾನು ನೋಡುವ ಹಾಳಾದ ವಾಲ್ವ್‌ಗಳಲ್ಲಿ ಹೆಚ್ಚಿನವು ಹೀಗೇ ಹಾಳಾದವು. ಹುಡುಗರ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಹಿಡಿಕೆಯ ಸುತ್ತ ಎಲ್ಲವೂ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕೆಲಸಕ್ಕೆ ಇರುವವನು ಇಲ್ಲಿಯವನಾದರೆ ಕನ್ನಡ ಓದುತ್ತಾನೆ, ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದವನಾದರೆ ಹಿಂದಿ ಅರ್ಥ ಮಾಡಿಕೊಳ್ಳುತ್ತಾನೆ. ಅವನಿಗೆ ಯಾರೂ ಯಾವ ಭಾಷೆಯಲ್ಲೂ ಹೇಳಿಕೊಟ್ಟಿರುವುದಿಲ್ಲ.

ಮರಳಿನ ವಿಷಯವನ್ನೂ ಹೇಳಬೇಕು. ಲ್ಯಾಟರಲ್ ಮುರಿದರೆ ಮರಳು ಪೂರ್ತಿ ತೆಗೆಯಬೇಕಾಗುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಕ್ಲೋರಿನ್ ತಾಗಿದರೆ ಅದು ತುಕ್ಕಿನ ಬಣ್ಣಕ್ಕೆ ತಿರುಗಿ ಮರಳಲ್ಲಿ ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಮರಳನ್ನು ಹಾರೆಯಲ್ಲಿ ಕುಟ್ಟಿದರೆ ಅಡಿಯ ಕೊಳವೆಗಳು ಉಳಿಯುವುದಿಲ್ಲ. ಕೈಯಲ್ಲಿ, ಸಣ್ಣ ಡಬ್ಬಿಯಲ್ಲಿ ನಿಧಾನವಾಗಿ ತೆಗೆಯಬೇಕು. ಹೊಸ ಮರಳು ಹಾಕುವ ಮೊದಲು ಟ್ಯಾಂಕಿನ ಅರ್ಧದಷ್ಟು ನೀರು ತುಂಬಿಸಿ, ಮೇಲಿನಿಂದ ಬೀಳುವ ಭಾರಕ್ಕೆ ಕೊಳವೆ ಮುರಿಯುವುದಿಲ್ಲ. ಫಿಲ್ಟರಿಗೆ ಅಂತಲೇ ಸಿಗುವ ಸಿಲಿಕಾ ಮರಳನ್ನೇ ಹಾಕಿ. ಕೆಲವರು ಹೊಳೆ ಮರಳನ್ನು ಜರಡಿ ಹಿಡಿದು ಹಾಕುತ್ತಾರೆ, ಎಂ-ಸ್ಯಾಂಡ್ ಹಾಕಿದ್ದನ್ನೂ ನೋಡಿದ್ದೇನೆ. ಅದರಲ್ಲಿ ಮಣ್ಣು, ಪುಡಿ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡು ಒತ್ತಡ ಏರುತ್ತದೆ, ಮತ್ತೆ ಅದೇ ಕತೆ. ಒಣ ಸಿಲಿಕಾ ಮರಳಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಲ್ಲು ಕ್ವಾರಿಗಳಲ್ಲಿ ದುಡಿದವರಿಗೆ ಬರುವ ಸಿಲಿಕೋಸಿಸ್ ಕಾಯಿಲೆ ಇದೇ ಧೂಳಿನದ್ದು. ಚೀಲ ಸುರಿಯುವಾಗ ಮರಳಿಗೆ ನೀರು ಚಿಮುಕಿಸಿ, ಹುಡುಗನಿಗೆ ಒಂದು ಎನ್-95 ಮಾಸ್ಕ್ ಕೊಡಿ. ಟವೆಲು ಕಟ್ಟಿಕೊಂಡರೆ ಸಾಲುವುದಿಲ್ಲ.

ಆಸಿಡ್ ಮತ್ತು ಕ್ಲೋರಿನ್ ಒಂದೇ ರೂಮಿನಲ್ಲಿ, ಒಂದೇ ಹಲಗೆಯ ಮೇಲೆ ಇಟ್ಟಿರುವುದನ್ನು ನಾನು ಎಲ್ಲ ಕಡೆ ನೋಡುತ್ತೇನೆ. ದಯವಿಟ್ಟು ಬೇರೆ ಮಾಡಿ. ಫಿಲ್ಟರಿನ ಕಲೆ ತೆಗೆಯಲು ಆಸಿಡ್ ಸುರಿದು, ಅದೇ ಬಕೆಟ್‌ನಲ್ಲಿ ಬ್ಲೀಚಿಂಗ್ ಪೌಡರ್ ಕಲೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಪಂಪ್ ರೂಮಿನಲ್ಲಿ ಹೊರಗೆ ಓಡಲೂ ಹೊತ್ತು ಸಿಗುವುದಿಲ್ಲ. ಗುಳಿಗೆ ರೂಪದಲ್ಲಿ ಬರುವ ಟಿಸಿಸಿಎ ಮತ್ತು ಪುಡಿ ರೂಪದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡೂ "ಕ್ಲೋರಿನ್" ಅಂತಲೇ ಅಂಗಡಿಯಲ್ಲಿ ಸಿಗುತ್ತವೆ. ಎರಡನ್ನೂ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಒಂದರ ಡಬ್ಬಿಗೆ ಹಾಕಿದ ಚಮಚವನ್ನು ಇನ್ನೊಂದಕ್ಕೆ ಹಾಕಬೇಡಿ.

ಇನ್ನು ಕೊಳ. ಫಿಲ್ಟರ್ ಕೆಟ್ಟರೆ ಕೊಳ ಮುಚ್ಚಬೇಕು. ಇದರಲ್ಲಿ ಚೌಕಾಸಿ ಇಲ್ಲ. "ಕ್ಲೋರಿನ್ ಜಾಸ್ತಿ ಹಾಕಿದರಾಯ್ತು ಅಲ್ವಾ" ಅನ್ನುತ್ತೀರಿ. ಸಾಲುವುದಿಲ್ಲ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, 1.2 ಮೀಟರ್ ಆಳದ ಸಣ್ಣ ಕೊಳದಲ್ಲೂ 60,000 ಲೀಟರ್ ನೀರಿರುತ್ತದೆ. ಆರು ಗಂಟೆಗೊಮ್ಮೆ ಅದು ಫಿಲ್ಟರ್ ಹಾದು ಬರಬೇಕಾದರೆ ಗಂಟೆಗೆ 10,000 ಲೀಟರ್ ಓಡಬೇಕು. ಅದು ನಿಂತಿತು ಅಂದರೆ ಬೆವರು, ಎಣ್ಣೆ, ಮಣ್ಣು, ಅಡಿಕೆ ಮರದ ಕಸ ಎಲ್ಲ ನೀರಲ್ಲೇ ಉಳಿಯುತ್ತದೆ. ಹಾಕಿದ ಕ್ಲೋರಿನ್ ಆ ಕೊಳೆಗೇ ಖರ್ಚಾಗುತ್ತದೆ. ನೀರು ಮಬ್ಬಾಗುತ್ತದೆ. ಮಬ್ಬು ನೀರಿನ ತಳದಲ್ಲಿ ಮಗು ಬಿದ್ದಿದ್ದರೆ ಪಕ್ಕದಲ್ಲಿ ನಿಂತವರಿಗೂ ಕಾಣುವುದಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಸುಲಭದ್ದು: ಆಳದ ಕಡೆಯ ತಳದಲ್ಲಿರುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಯಾರೂ ಇಳಿಯಬಾರದು.

2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರದ ಒಂದು ರೆಸಾರ್ಟ್ ಕೊಳದಲ್ಲಿ ಮೈಸೂರಿನ ಮೂವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಅದಕ್ಕೂ ಫಿಲ್ಟರಿಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಕೊಳ ಇಟ್ಟವರ ಮೇಲೆ ಎಂಥ ಜವಾಬ್ದಾರಿ ಇದೆ ಅನ್ನುವುದನ್ನು ಆ ಸುದ್ದಿ ಓದಿದ ಯಾರೂ ಮರೆಯಬಾರದು. ಅದೇ 2024ರಲ್ಲಿ ಕೇರಳದಲ್ಲಿ ಮಿದುಳಿಗೆ ತಗುಲುವ ಅಮೀಬಾದಿಂದ ಮಕ್ಕಳು ಸತ್ತರು. ಆ ಅಮೀಬಾ ಇರುವುದು ಬೆಚ್ಚಗಿನ ಸಿಹಿನೀರಿನಲ್ಲಿ. ಕೆರೆ, ಹೊಂಡದ ಜೊತೆಗೆ ಕ್ಲೋರಿನ್ ಸರಿಯಿಲ್ಲದ ಕೊಳದಲ್ಲೂ ಅದು ಬದುಕಬಲ್ಲದು. ಈಜುಕೊಳದ ನೀರು ಹೇಗಿರಬೇಕು ಅನ್ನುವುದಕ್ಕೆ ಐಎಸ್ 3328 ಅಂತ ಭಾರತೀಯ ಮಾನದಂಡವೇ ಇದೆ. ಎಷ್ಟು ಹೋಂಸ್ಟೇಗಳಲ್ಲಿ ಅದರ ಹೆಸರಾದರೂ ಗೊತ್ತಿದೆ?

ಕೊಳ ಮುಚ್ಚುವುದು ಅಂದರೆ ನೀರು ಖಾಲಿ ಮಾಡುವುದಲ್ಲ. ಇದನ್ನು ಮಳೆಗಾಲದಲ್ಲಂತೂ ಮಾಡಲೇಬೇಡಿ. ಮಲೆನಾಡಿನ ನೆಲ ಆಷಾಢ, ಶ್ರಾವಣದಲ್ಲಿ ನೀರು ಕುಡಿದು ತುಂಬಿರುತ್ತದೆ. ಕೊಳ ಖಾಲಿಯಾದರೆ ಅಡಿಯಿಂದ ಆ ನೀರು ಒತ್ತಿ ತಳವನ್ನೇ ಎಬ್ಬಿಸುತ್ತದೆ, ಗೋಡೆ ಸೀಳುತ್ತದೆ. ನೀರು ಇರಲಿ. ಸುತ್ತ ಹಗ್ಗ ಅಥವಾ ಬಲೆ ಕಟ್ಟಿ, ಗೇಟಿಗೆ ಬೀಗ ಹಾಕಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೋರ್ಡು ಹಾಕಿ. ಬಿದ್ದ ಎಲೆ ತೆಗೆದು, ಕ್ಲೋರಿನ್ ಅಳತೆ ನೋಡಿ ಕೈಯಲ್ಲೇ ಹಾಕುತ್ತಿರಿ. ಇಲ್ಲದಿದ್ದರೆ ಸೊಳ್ಳೆ ಏಳುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿರಲಿ.

ಫಿಲ್ಟರ್ ಇಳಿಸಿದ ನೀರು, ಬ್ಯಾಕ್‌ವಾಶ್ ನೀರು ಎಲ್ಲಿಗೆ ಹೋಗುತ್ತಿದೆ ಅಂತಲೂ ನೋಡಿ. ಬಹಳ ಕಡೆ ಪೈಪಿನ ತುದಿ ಹಳ್ಳದಲ್ಲಿದೆ. ಹಳ್ಳ ತುಂಗೆಗೋ ಶರಾವತಿಗೋ ಸೇರುತ್ತದೆ. ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ನಾವು ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ನಮಗೆ ವಾಸನೆಯೂ ಬಾರದಷ್ಟು ಕ್ಲೋರಿನ್ ಸಾಕು, ಮೀನಿನ ಕಿವಿರು ಸುಡಲು. ಪಾಚಿಗೆ ಹಾಕುವ ಮೈಲುತುತ್ತವೂ ಮೀನಿಗೆ ವಿಷವೇ. ಹಳ್ಳದಿಂದ ದೂರ ಒಂದು ಗುಂಡಿ ತೆಗೆಯಿರಿ. ನೀರು ಅಲ್ಲಿ ಕೆಲವು ದಿನ ಬಿಸಿಲಿಗೆ ನಿಂತರೆ ಕ್ಲೋರಿನ್ ಹೋಗುತ್ತದೆ. ಮಳೆಗಾಲದಲ್ಲಿ ಬಿಸಿಲಿಲ್ಲದಾಗ ಸೋಡಿಯಂ ಥಯೋಸಲ್ಫೇಟ್ ಸ್ವಲ್ಪ ಹಾಕಿದರೆ ಕ್ಲೋರಿನ್ ಸಾಯುತ್ತದೆ. ಹಳೆಯ ಮರಳನ್ನೂ ಹಳ್ಳಕ್ಕೆ ಸುರಿಯಬೇಡಿ.

ಅಧಿಕಾರಿಗಳೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಬಹಳ ಇಲ್ಲ. ಹೋಂಸ್ಟೇ ತಪಾಸಣೆಗೆ ಬಂದಾಗ ಪಂಪ್ ರೂಮಿನ ಬಾಗಿಲು ತೆಗೆಸಿ. ಗೇಜ್ ಇದೆಯಾ, ಗಾಳಿ ತಿರುಪು ತಿರುಗುತ್ತದಾ, ಕ್ಲ್ಯಾಂಪು ತುಕ್ಕು ಹಿಡಿದಿದೆಯಾ, ಕರೆಂಟು ಸೋರಿದರೆ ತಾನಾಗಿಯೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿದ್ದಾರಾ, ಆಸಿಡ್ ಎಲ್ಲಿಟ್ಟಿದ್ದಾರೆ, ಅಷ್ಟು ನೋಡಲು ಹತ್ತು ನಿಮಿಷ ಸಾಕು. ಅದಕ್ಕೆ ಇಂಜಿನಿಯರೇ ಬೇಕು ಅಂತಿಲ್ಲ. ಫಿಲ್ಟರ್ ಮಾರುವವರು ಕನ್ನಡದಲ್ಲೂ ಹಿಂದಿಯಲ್ಲೂ, ಚಿತ್ರದೊಂದಿಗೆ ಒಂದು ಪುಟದ ಸೂಚನೆ ಕೊಡಲೇಬೇಕು ಅಂತ ಜಿಲ್ಲೆಯಲ್ಲಿ ಒಂದು ಸುತ್ತೋಲೆ ಹೊರಡಿಸಿ.

ಮತ್ತೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಕೊಳ ಮುಚ್ಚುವ ಅಧಿಕಾರ ಪಂಪ್ ರೂಮಿನಲ್ಲಿ ಕೆಲಸ ಮಾಡುವವನ ಕೈಯಲ್ಲಿರಬೇಕು. ಪರವಾನಗಿಯ ಷರತ್ತಿನಲ್ಲೇ ಇದನ್ನು ಬರೆಯಿರಿ. ಈಗ ಅವನು ಟ್ಯಾಂಕು ಜಿನುಗುವುದನ್ನು ನೋಡುತ್ತಾನೆ, ಹೇಳಲು ಹೆದರುತ್ತಾನೆ. ರೂಮು ಬುಕ್ ಆಗಿದೆ, ಅತಿಥಿಗಳು ದಾರಿಯಲ್ಲಿದ್ದಾರೆ, ಹೇಳಿದರೆ ಬೈಗುಳ ಬೀಳುತ್ತದೆ ಅಂತ ಸುಮ್ಮನಾಗುತ್ತಾನೆ. ಕೊನೆಗೆ ತಾನೇ ಸ್ಪ್ಯಾನರ್ ಹಿಡಿದು ಒಳಗೆ ಹೋಗುತ್ತಾನೆ. ಗೌಡ್ರೇ, ಹೆಗ್ಡೇರೇ, ಭಟ್ರೇ, ಅವನು "ಇವತ್ತು ಬೇಡ" ಅಂದರೆ ಬೇಡ ಅನ್ನುವುದನ್ನು ನೀವು ಒಪ್ಪಬೇಕು. ಅವನ ಸಂಬಳ ಹಿಡಿಯಬಾರದು. ಬಂದವರಿಗೆ ನೀವೇ ಕೊಳದ ಹತ್ತಿರ ನಿಂತು ವಿಷಯ ಹೇಳಿ. ನಮ್ಮ ಮನೆಗೆ ಬಂದ ನೆಂಟರು ಅರ್ಥ ಮಾಡಿಕೊಳ್ಳುತ್ತಾರೆ. ಅವರಿಗೆ ತೋಟ ತೋರಿಸಿ, ಕಡುಬು ಮಾಡಿ ಬಡಿಸಿ.

ಪ್ರವಾಸಕ್ಕೆ ಬರುವ ಸ್ನೇಹಿತರೇ, ಕೊಳ ಮುಚ್ಚಿದೆ ಅಂದರೆ ಹಣ ವಾಪಸ್ ಕೇಳಿದರೂ ಕಡಿಮೆ ಸ್ಟಾರ್ ಕೊಡಬೇಡಿ. ಸರಿಯಾದ ಕಾರಣಕ್ಕೆ ಮುಚ್ಚಿದವರಿಗೆ ಅದು ಶಿಕ್ಷೆಯಾಗುತ್ತದೆ. ಮುಂದಿನ ಸಲ ಅವರು ಮುಚ್ಚುವುದಿಲ್ಲ.

ತಾಲ್ಲೂಕು ಮಟ್ಟದಲ್ಲಿ ಪಂಪ್ ರೂಮಿನ ಹುಡುಗರಿಗೆ ಒಂದು ದಿನದ ತರಬೇತಿ ಇಡಿ ಅಂತ ಪಂಚಾಯಿತಿಯಲ್ಲೂ ಅಗ್ನಿಶಾಮಕ ಠಾಣೆಯಲ್ಲೂ ಕೇಳಿಕೊಳ್ಳುತ್ತಿದ್ದೇನೆ. ಅಡಿಕೆ ಕೊಯ್ಲು ಶುರುವಾದರೆ ಯಾರಿಗೂ ಬಿಡುವಾಗುವುದಿಲ್ಲ, ಅದಕ್ಕೆ ಮೊದಲೇ ಆಗಲಿ. ನನ್ನ ಶೆಡ್ಡಿನಲ್ಲಿ ಸೀಳಿದ ಟ್ಯಾಂಕು, ಮುರಿದ ಲ್ಯಾಟರಲ್, ಗ್ಯಾಸ್ಕೆಟ್ ಕಿತ್ತ ವಾಲ್ವ್ ಎಲ್ಲ ಇವೆ. ಕರೆದರೆ ಗಾಡಿಗೆ ಹಾಕಿಕೊಂಡು ಬಂದು ಬಿಚ್ಚಿ ತೋರಿಸುತ್ತೇನೆ. ದುಡ್ಡು ಬೇಡ. ಊಟ ಹಾಕಿದರೆ ಸಾಕು.

ಇಂತಿ,
ತೀರ್ಥಹಳ್ಳಿ ಸೀಮೆಯ ಒಬ್ಬ ಪಂಪ್ ಮೆಕ್ಯಾನಿಕ್